ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ

ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾನು, ನನ್ನ ಗಂಡ, ಮಗಳು ಸ್ವೀಡನ್ನಿನ ಸೋಡರ್‌ಟೆಲ್ಯೆಗೆ ಬಂದ ಮೊದಲ ಚಳಿಗಾಲದಲ್ಲೇ ಆ ಅಂಗಡಿಯ ಪರಿಚಯವಾಯಿತು. ಒಳ್ಳೆಯ ಅಕ್ಕಿ ಹುಡುಕಿಕೊಂಡು ಹೋಗಿದ್ದೆ. ಸ್ಟೇಷನ್ ಹತ್ತಿರದ ಬೀದಿಯಲ್ಲಿ, ಕ್ಷೌರದಂಗಡಿಯ ಪಕ್ಕ, ಪಿಸ್ತಾ, ಒಣ ನಿಂಬೆ, ಕೇಸರಿ, ಅಕ್ಕಿ ಮಾರುವ ಸಣ್ಣ ಅಂಗಡಿ. ಯಜಮಾನರು ಇರಾನಿನವರು, ಅರವತ್ತು ದಾಟಿದವರು. ಅಕ್ಕಿ ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದು, "ಮೊದ್ಲು ವಾಸನೆ ನೋಡಮ್ಮ, ಆಮೇಲೆ ರೇಟು ಕೇಳು" ಎಂದರು.

ಅವರು ಹೇಳಿದ್ದು ಸ್ವೀಡಿಷ್‌ನಲ್ಲಿ. ಅವರ ಸ್ವೀಡಿಷ್ ಒಂದು ಬಗೆ, ನನ್ನದು ಇನ್ನೊಂದು ಬಗೆ, ನಡುವೆ ಎಲ್ಲಿ ತೂತು ಬೀಳುತ್ತಿತ್ತೋ ಅಲ್ಲಿಗೆ ಇಂಗ್ಲಿಷ್ ತುಂಬುತ್ತಿದ್ದೆವು. ಆದರೆ ನನ್ನ ನೆನಪಿನಲ್ಲಿ ಆ ಮಾತೆಲ್ಲ ಕನ್ನಡದಲ್ಲೇ ಉಳಿದಿರುವುದರಿಂದ ಹಾಗೇ ಬರೆಯುತ್ತಿದ್ದೇನೆ.

ಶನಿವಾರಗಳಂದು ಗಲ್ಲಾದಲ್ಲಿ ಪನಾಮಾದ ಒಬ್ಬ ಹೆಂಗಸು ಕೂರುತ್ತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ತನ್ನ ಊರಿನ ಬಂದರಿನಲ್ಲಿ, ಹಡಗು ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವಳು. ಹಡಗಿನ ಸ್ವೀಡಿಷ್ ಎಂಜಿನಿಯರನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಮದುವೆ ಮುರಿಯಿತು, ಅವಳು ಇಲ್ಲೇ ಉಳಿದಳು. ವಾರದ ದಿನಗಳಲ್ಲಿ ನನ್ನ ಮಗಳ ದಾಗಿಸ್‌ನಲ್ಲೇ, ಅಂದರೆ ಮಕ್ಕಳನ್ನು ಬಿಡುವ ಜಾಗದಲ್ಲಿ, ಅಡುಗೆಮನೆಯ ಕೆಲಸ. ಮಗಳು ಅವಳನ್ನು ಕಂಡರೆ ಓಡಿಹೋಗಿ ಕಾಲು ಹಿಡಿದುಕೊಳ್ಳುತ್ತಿದ್ದಳು. "ಮನೆಗೆ ಹೋಗೋಣ ಬಾರೇ" ಎಂದರೆ ನನಗೆ ಸಿಗುತ್ತಿದ್ದುದು ಒಂದೇ ಉತ್ತರ, "ನೇಯ್", ಸ್ವೀಡಿಷ್‌ನಲ್ಲಿ "ಇಲ್ಲ".

ಶನಿವಾರ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಅಂಗಡಿಯ ಹಿಂಭಾಗದಲ್ಲಿ ಮೂವರೂ ಕೂತು ಫೀಕಾ ಮಾಡುತ್ತಿದ್ದೆವು. ಹೆಸರಿಗೆ ಕಾಫಿ ವಿರಾಮ, ಅಲ್ಲಿ ಸಿಗುತ್ತಿದ್ದುದು ಕಪ್ಪು ಚಹಾ. ಮಾತು ಸಾಮಾನ್ಯವಾಗಿ ಬದುಕು ಸಾಗುವ ಬಗೆಗೇ ತಿರುಗುತ್ತಿತ್ತು. ಯಜಮಾನರು ಎಂಬತ್ತರ ದಶಕದ ಯುದ್ಧದ ಕಾಲದಲ್ಲಿ ಇರಾನಿನಿಂದ ಓಡಿಬಂದವರು. ಊರಿನಲ್ಲಿ ಎಂಜಿನಿಯರಿಂಗ್ ಓದಿದ್ದವರು ಇಲ್ಲಿ ರೈಲುಡಬ್ಬಿ ತೊಳೆದರು, ಮತ್ತೆ ಓದಿದರು, ಲಾರಿ ಕಾರ್ಖಾನೆ ಸೇರಿದರು, ನಿವೃತ್ತರಾದ ಮೇಲೆ ಈ ಅಂಗಡಿ ತೆರೆದರು. ಅವರ ಜನ ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ಹಲ್ಲಿನ ಡಾಕ್ಟರು, ವಕೀಲ, ಟ್ಯಾಕ್ಸಿಯವನು, ಮದುವೆ ಹಾಲ್‌ನವನು, ಎಲ್ಲದಕ್ಕೂ ಅವರವರಲ್ಲೇ ಒಬ್ಬ ಸಿಗುತ್ತಾನೆ. ಒಬ್ಬನಿಗೆ ಕಷ್ಟ ಬಂದರೆ ಹತ್ತು ಫೋನ್ ಓಡಾಡುತ್ತವೆ.

"ನಂಗೆ ಹಾಗಿಲ್ಲ. ನಮ್ಮ ಸಂಘದ ಮೀಟಿಂಗ್ ಲಿಫ್ಟ್‌ನಲ್ಲೇ ಮಾಡ್ಬೋದು" ಎಂದು ಪನಾಮಾದ ಗೆಳತಿ ನಗುತ್ತಿದ್ದಳು. ಅವಳಿಗೆ ಗೊತ್ತಿದ್ದ ಪನಾಮಾದವಳು ಇಡೀ ಸ್ವೀಡನ್ನಿನಲ್ಲಿ ಇನ್ನೊಬ್ಬಳೇ, ಉತ್ತರದ ಉಮೆಯೊದಲ್ಲಿ ನರ್ಸ್. ವರ್ಷಕ್ಕೊಮ್ಮೆ ಫೋನ್.

ಯಜಮಾನರು ಅವಳಿಗಿಂತ ಎಲ್ಲ ರೀತಿಯಲ್ಲೂ ಗಟ್ಟಿಯಾಗಿದ್ದಾರೆ ಎಂದು ನನಗೆ ಆಗ ಅನಿಸುತ್ತಿತ್ತು. ಸ್ವಂತ ಮನೆ, ಪಿಂಚಣಿ, ಅಂಗಡಿ, ಪಶ್ಚಿಮ ಕರಾವಳಿ ಕಡೆಯ ಮೋಲ್ನ್‌ಡಾಲ್‌ನ ಔಷಧ ಸಂಶೋಧನಾ ಕೇಂದ್ರದಲ್ಲಿ ಕೆಲಸದಲ್ಲಿರುವ ಮಗಳು. ಇವಳಿಗೆ ಬಾಡಿಗೆಯ ಒಂದು ಕೋಣೆ, ದಾಗಿಸ್‌ನ ಅರೆಕೆಲಸ, ಈ ಶನಿವಾರದ ಗಲ್ಲಾ.

ಒಂದು ಶನಿವಾರ ನಾನು ಹೋದಾಗ ಯಜಮಾನರು ನಗುತ್ತಿದ್ದರು. ಆ ನಗು ನನಗೆ ಸರಿಕಾಣಲಿಲ್ಲ.

"ಬ್ಯಾಂಕಿನ ಹುಡುಗಿ ಫೋನ್ ಮಾಡಿದ್ಲು. ನಿಮ್ಮ ಖಾತೆಗೆ ಬಂದ ಹಣ ಯಾರು ಹಾಕಿದ್ದು ಅಂತ. ನಂಗೇನು ಗೊತ್ತು?"

ಆಗಿದ್ದು ಇಷ್ಟು. ಹಿಂದಿನ ವರ್ಷ ಅವರ ತಾಯಿ ತೀರಿಕೊಂಡಿದ್ದರು. ಇರಾನಿನ ರಶ್ತ್‌ನಲ್ಲಿದ್ದ ಮನೆ ಮಾರಿ ಒಡಹುಟ್ಟಿದವರು ಪಾಲು ಮಾಡಿಕೊಂಡರು. ಇವರ ಪಾಲನ್ನು ಅಲ್ಲಿಂದ ಬ್ಯಾಂಕಿನ ಮೂಲಕ ಕಳಿಸಲು ಆಗುವುದಿಲ್ಲ, ಇರಾನಿನ ಮೇಲೆ ನಿರ್ಬಂಧಗಳಿವೆ. ಹಾಗಾಗಿ ಅವರ ತಮ್ಮ ಅಲ್ಲಿನ ಹಣ ಬದಲಾಯಿಸುವವನೊಬ್ಬನ ಕೈಗೆ ದುಡ್ಡು ಕೊಟ್ಟ. ಇಲ್ಲಿ ಯಾರೋ ಒಬ್ಬ, ಯಜಮಾನರು ಮುಖವನ್ನೇ ನೋಡದವನು, ಅದಕ್ಕೆ ಸಮನಾದ ಸ್ವೀಡಿಷ್ ಕ್ರೋನರನ್ನು ಕಂತುಕಂತಾಗಿ ಅವರ ಖಾತೆಗೆ ಹಾಕಿದ. ಅವರ ಪರಿಚಯದವರೆಲ್ಲ ಎಷ್ಟೋ ವರ್ಷಗಳಿಂದ ಮಾಡಿಕೊಂಡು ಬಂದದ್ದೇ ಇದು.

ನಾನು, "ಮನೆ ಮಾರಿದ ಕಾಗದ ತೋರ್ಸಿದ್ರೆ ಆಯ್ತಲ್ಲ" ಎಂದೆ.

"ಅದನ್ನ ತೋರ್ಸಿದೆ. ಅವಳು ಕೇಳ್ತಿರೋದು ಇಲ್ಲಿ ಹಾಕಿದವನು ಯಾರು ಅಂತ."

ಗಲ್ಲಾದಲ್ಲಿದ್ದ ಗೆಳತಿ ಕೈಯಲ್ಲಿದ್ದ ಕಪ್ ಕೆಳಗಿಟ್ಟಳು. "ಆ ದುಡ್ಡು ವಾಪಸ್ ಕಳ್ಸಿಬಿಡಿ" ಎಂದಳು.

ಅವಳಿಗೂ ಹೀಗೇ ಆಗಿತ್ತಂತೆ. ಮದುವೆ ಮುರಿದ ಹೊಸದರಲ್ಲಿ ಅಪ್ಪ ಸ್ವಲ್ಪ ಹಣ ಕಳಿಸಿದ್ದ. ಪನಾಮಾ ಎಂಬ ಹೆಸರು ಕೇಳುತ್ತಲೇ ಬ್ಯಾಂಕಿನವಳು ಟೈಪ್ ಮಾಡುವುದನ್ನು ನಿಲ್ಲಿಸಿ ಮುಖ ಎತ್ತಿ ನೋಡಿದಳಂತೆ. "ದೊಡ್ಡೋರೆಲ್ಲ ದುಡ್ಡು ಬಚ್ಚಿಡೋ ದೇಶ ಅಂತ ಅವರ ತಲೇಲಿದೆ. ನಮ್ಮಪ್ಪ ಬಸ್ ಮೆಕ್ಯಾನಿಕ್. ಆದ್ರೂ ನಾನು ವಾದ ಮಾಡ್ಲಿಲ್ಲ, ದುಡ್ಡು ವಾಪಸ್ ಕಳಿಸ್ದೆ. ಅಲ್ಲಿಂದೀಚೆ ಯಾರಿಂದ್ಲೂ ಏನೂ ತರ್ಸಿಲ್ಲ."

ಯಜಮಾನರು ತಲೆಯಾಡಿಸಿದರು. "ನಮ್ಮಮ್ಮನ ಮನೆಯ ದುಡ್ಡು ಕಣಮ್ಮ. ಯಾರಿಗೆ ವಾಪಸ್ ಕಳಿಸ್ಲಿ?"

ವಸಂತದಲ್ಲಿ ಬ್ಯಾಂಕು ಅವರ ಖಾತೆ ಮುಚ್ಚಿತು. ಅದರ ಅರ್ಥ ನನಗೆ ತಿಳಿಯುವುದಕ್ಕೆ ಕೆಲವು ವಾರ ಬೇಕಾಯಿತು. ಈ ದೇಶದಲ್ಲಿ ನೋಟು ಮುಟ್ಟುವವರಿಲ್ಲ. ಬ್ಯಾಂಕ್ ಹೋದರೆ ಅದರ ಜೊತೆಗೆ ಬ್ಯಾಂಕೇ ಕೊಡುವ ಮೊಬೈಲಿನ ಡಿಜಿಟಲ್ ಗುರುತೂ ಹೋಗುತ್ತದೆ. ಆ ಗುರುತಿಲ್ಲದೆ ಆಸ್ಪತ್ರೆಯ ವೆಬ್ ಪುಟ ತೆರೆಯುವುದಿಲ್ಲ, ಕೊಮ್ಯೂನ್‌ನ, ಅಂದರೆ ನಗರಸಭೆಯ, ಪುಟ ತೆರೆಯುವುದಿಲ್ಲ, ಬಂದ ಪಾರ್ಸೆಲ್ ಬಿಡಿಸಿಕೊಳ್ಳುವುದೂ ಕಷ್ಟ. ಪೆರ್ಸೋನ್‌ನಂಬರ್, ಅಂದರೆ ಸರ್ಕಾರಿ ಗುರುತಿನ ಸಂಖ್ಯೆ, ಇತ್ತು, ಪಾಸ್‌ಪೋರ್ಟ್ ಇತ್ತು, ಎದುರಿಗೆ ಮನುಷ್ಯನೂ ಇದ್ದ, ಯಾವುದೂ ಸಾಕಾಗಲಿಲ್ಲ. ಅಂಗಡಿಯ ಕಾರ್ಡ್ ಯಂತ್ರ ನಿಂತಿತು. ಬಾಗಿಲಿಗೆ "ನಗದು ಮಾತ್ರ" ಎಂದು ಕೈಬರಹದ ಚೀಟಿ ಬಂತು. ಜನ ಓದಿ, ಜೇಬು ತಡಕಿ, ಮುಂದೆ ಹೋಗುತ್ತಿದ್ದರು.

ಅವರ ಕಡೆಯವರೆಲ್ಲ ಬಂದು ನಿಲ್ಲುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ನಾನು ಅಲ್ಲಿದ್ದಾಗಲೇ ವಯಸ್ಸಾದ ಇರಾನಿ ಹೆಂಗಸೊಬ್ಬರು ಒಣ ನಿಂಬೆ ಆರಿಸುತ್ತಾ ಪಾರ್ಸಿಯಲ್ಲಿ ಏನೋ ಕೇಳಿದರು. ಯಜಮಾನರು ಗಟ್ಟಿಯಾಗಿ ಉತ್ತರಿಸಿದರು. ಅವರು ನಿಂಬೆಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

"ಏನಂದ್ರು?"

"ಆ ದುಡ್ಡು ಸರ್ಕಾರದ್ದಾ ಅಂತ ಕೇಳಿದ್ರು."

"ಯಾವ ಸರ್ಕಾರ?"

"ಇರಾನಿನದು. ಯಾರ ಕೈಯಿಂದ ತಪ್ಪಿಸ್ಕೊಂಡು ನಾವೆಲ್ಲ ಇಲ್ಲಿಗೆ ಓಡಿಬಂದ್ವೋ, ಅವರ ದುಡ್ಡಾ ಅಂತ."

ಆಕೆ ಬಿಟ್ಟುಹೋದ ನಿಂಬೆಯನ್ನು ಯಜಮಾನರು ಒಂದೊಂದಾಗಿ ಡಬ್ಬಕ್ಕೆ ವಾಪಸ್ ಹಾಕಿದರು. ಅಲ್ಲಿಂದ ಮುಂದೆ ಅವರ ಜನ ಬರುವುದು ಕಡಿಮೆಯಾಯಿತು. ಹತ್ತು ಫೋನ್ ಓಡಾಡಿರಬೇಕು, ಈ ಸಲ ಬೇರೆ ಸುದ್ದಿ ಹೊತ್ತು. ಪಕ್ಕದ ಕ್ಷೌರದಂಗಡಿಯವನು, ಅವರ ದೇಶದವನೇ, ದಿನಾ ಬೆಳಿಗ್ಗೆ ಚಹಾಕ್ಕೆ ಬರುತ್ತಿದ್ದವನು, ಶಟರ್ ಎತ್ತುವಾಗ ಮುಖ ಆ ಕಡೆ ತಿರುಗಿಸಿಕೊಳ್ಳತೊಡಗಿದ.

ಹೊಸಬರಿಬ್ಬರು ಬಂದದ್ದು ಆಗ.

ಅವರು ಮೊದಲ ಸಲ ಬಂದಾಗ ನಾನು ಅಕ್ಕಿ ತೂಗಿಸುತ್ತಿದ್ದೆ. ಇಬ್ಬರೂ ಯುವಕರು, ಚೆಂದದ ಜಾಕೆಟ್, ಶುದ್ಧ ಸ್ವೀಡಿಷ್. ಒಬ್ಬ ಬಾಗಿಲಲ್ಲೇ ನಿಂತ. ಇನ್ನೊಬ್ಬ ನನಗೆ ನಮಸ್ಕರಿಸುವಂತೆ ತಲೆ ಬಾಗಿಸಿ, ಪಿಸ್ತಾದ ತೆರೆದ ಮೂಟೆಗೆ ಕೈಹಾಕಿ ಒಂದೊಂದನ್ನೇ ಒಡೆದು ತಿನ್ನತೊಡಗಿದ. ಸಿಪ್ಪೆಯನ್ನು ಅದೇ ಮೂಟೆಗೆ ಹಾಕುತ್ತಿದ್ದ.

"ಅಂಕಲ್, ನಿಮ್ಮ ಖಾತೆಗೆ ಅಮ್ಮನ ದುಡ್ಡು ಹಾಕಿದ್ದು ನಮ್ಮವನೇ" ಎಂದ. "ಬ್ಯಾಂಕಿನೋರು ಅವನ ಬಗ್ಗೆ ಏನಾದ್ರೂ ಕೇಳಿದ್ರಾ?"

"ಕೇಳಿದ್ರು. ನಂಗೇನೂ ಗೊತ್ತಿಲ್ಲ ಅಂದೆ."

"ಒಳ್ಳೇದು. ಹಾಗೇ ಇರ್ಲಿ." ಅವನು ಕೈ ಕೊಡವಿಕೊಂಡ. "ನಮ್ಮಿಂದ ನಿಮಗೆ ತೊಂದ್ರೆ ಆಯ್ತು. ನಾವೇ ಸರಿಮಾಡ್ತೀವಿ. ಬೇರೆ ಕಾರ್ಡ್ ಮೆಷಿನ್ ತಂದುಕೊಡ್ತೀವಿ."

ಅವರು ಹೋದ ಮೇಲೆ ಯಜಮಾನರು ಮೂಟೆಯ ಮುಂದೆ ಕೂತು ಸಿಪ್ಪೆ ಆರಿಸತೊಡಗಿದರು. ನಾನೂ ಪಕ್ಕದಲ್ಲಿ ಕೂತು ಆರಿಸಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ನೋಡು, ಇದು ಸೀರಿಯಸ್. ಪೊಲೀಸ್ ಕಂಪ್ಲೇಂಟ್ ಕೊಡೋಕೆ ಹೇಳು ಅವ್ರಿಗೆ. ಆಮೇಲೆ ನೀನು ಅಲ್ಲಿಗೆ ಹೋಗೋದು ಸ್ಟಾಪ್ ಮಾಡು. ನಮ್ದು ವರ್ಕ್ ಪರ್ಮಿಟ್ ರಿನ್ಯೂವಲ್ ಇದೆ, ಮರ್ತ್‌ಬಿಟ್ಯಾ?"

"ಅಕ್ಕಿ ತರೋದಕ್ಕೂ ಪರ್ಮಿಟ್‌ಗೂ ಏನ್ ಸಂಬಂಧನೋ?"

"ಅದನ್ನೇ ನಾನೂ ಕೇಳ್ತಿರೋದು. ಪರ್ಮಿಟ್ ಆಫೀಸಿನೋರು ಕೇಳಿದ್ರೆ ನಾವ್ ಏನ್ ಹೇಳೋದು?"

ಮುಂದಿನ ವಾರ ಪೊಲೀಸರ ಮಾತೆತ್ತಿದಾಗ ಯಜಮಾನರು ಚಹಾದ ಲೋಟದಿಂದ ಕಣ್ಣೆತ್ತಲಿಲ್ಲ. "ಪೊಲೀಸರು ಬಂದು ಮೊದ್ಲು ಕೇಳೋದೇನು? ಹಣ ಎಲ್ಲಿಂದ ಬಂತು ಅಂತ. ಅದೇ ಪ್ರಶ್ನೆ. ಆಮೇಲೆ ಅವರು ಗಾಡಿ ಹತ್ತಿ ಹೋಗ್ತಾರೆ, ನಾನು ಇಲ್ಲೇ ಶಟರ್ ಎಳೀಬೇಕು."

ಹೊಸ ಯಂತ್ರ ಬಂತು. ಅದರ ಚೀಟಿಯ ಮೇಲೆ ಬರುತ್ತಿದ್ದ ಅಂಗಡಿಯ ಹೆಸರು ಬೇರೆ ಯಾವುದೋ. ಗಿರಾಕಿಗಳು ಮತ್ತೆ ಸ್ವಲ್ಪ ಸ್ವಲ್ಪ ಬರತೊಡಗಿದರು. ಆದರೆ ಅಕ್ಕಿ ಕೊಳ್ಳುವವರ ನಡುವೆ ಏನನ್ನೂ ಕೊಳ್ಳದೆ ಕಾರ್ಡ್ ತಾಗಿಸಿ ಹೋಗುವವರೂ ಬರುತ್ತಿದ್ದರು. ಮೊದಲು ಗಮನಿಸಿದವಳು ಗೆಳತಿ. ನನ್ನ ಮಗಳನ್ನು ಕರೆತರಲು ದಾಗಿಸ್‌ಗೆ ಹೋದಾಗ ನನ್ನನ್ನು ಬಟ್ಟೆ ಒಣಗಿಸುವ ಕೋಣೆಗೆ ಕರೆದುಕೊಂಡು ಹೋಗಿ ಹೇಳಿದಳು.

"ಶನಿವಾರ ಆ ಮೆಷಿನ್ ತಂದ ಹುಡುಗ ನನ್ನ ಫೋನ್ ನಂಬರಿಗೆ ದುಡ್ಡು ಹಾಕಿಸ್ಕೋತೀರಾ ಅಂತ ಕೇಳ್ದ. ಸ್ವಲ್ಪ ದಿನ ಮಾತ್ರ, ನಿಮಗೂ ಸ್ವಲ್ಪ ಕೊಡ್ತೀವಿ ಅಂದ. ನಾನು ಪನಾಮಾದವಳು ಕಣಪ್ಪ, ಗೊತ್ತಿಲ್ಲದ ಒಂದು ಕ್ರೋನರ್ ಬಂದ್ರೂ ನನ್ನ ಕಥೆ ಮುಗೀತು ಅಂದೆ."

"ಅದಕ್ಕೆ?"

"ನಕ್ಕ. ಪರ್ವಾಗಿಲ್ಲ, ಯೋಚ್ನೆ ಮಾಡಿ ಅಂದ. ಆಮೇಲೆ, ನೀವು ಯಾವಾಗ್ಲೂ ಬಸ್‌ನಲ್ಲಿ ಹಿಂದಿನ ಸೀಟಲ್ಲೇ ಯಾಕೆ ಕೂತ್ಕೋತೀರಿ ಅಂತ ಕೇಳ್ದ."

ಸಣ್ಣ ಸಣ್ಣ ಕೈಗವಸುಗಳು ತಂತಿಯ ಮೇಲೆ ನೇತಾಡುತ್ತಿದ್ದವು. ಅವಳು ಅವನ್ನು ಒಂದೊಂದಾಗಿ ತೆಗೆದು ಜೋಡಿ ಮಾಡುತ್ತಾ ಮಾತಾಡುತ್ತಿದ್ದಳು. ಊರು ಬಿಡುವುದೆಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು ಎಂದು ನನಗೆ ಆಮೇಲೆ ಹೊಳೆಯಿತು.

ಆ ತಿಂಗಳು ಮುಗಿಯುವುದರೊಳಗೆ ಅವಳು ಉಮೆಯೊಗೆ ಹೊರಟಳು. ವರ್ಷಕ್ಕೊಮ್ಮೆ ಮಾತಾಡುತ್ತಿದ್ದ ಆ ನರ್ಸ್, ವೃದ್ಧಾಶ್ರಮವೊಂದರಲ್ಲಿ ಕೆಲಸ ಕೊಡಿಸಿದ್ದಳು. ಎರಡು ಸೂಟ್‌ಕೇಸ್, ಒಂದು ಅಡುಗೆ ಪಾತ್ರೆಯ ಡಬ್ಬ. ಸ್ಟೇಷನ್ನಿಗೆ ನಾನೇ ಬಿಟ್ಟುಬಂದೆ. ಯಜಮಾನರಿಗೆ ಹೇಳಿದೆಯಾ ಎಂದು ಕೇಳಿದೆ.

"ಹೇಳಿದೆ. ಹೋಗು, ಬೇಗ ಹೋಗು ಅಂದ್ರು. ನೀವೂ ಬನ್ನಿ ಅಂದೆ. ಇದೆಲ್ಲ ಬಿಟ್ಟು ಹ್ಯಾಗಮ್ಮ ಬರ್ಲಿ ಅಂದ್ರು." ರೈಲು ಬರುವ ಕಡೆ ನೋಡುತ್ತಾ ಹೇಳಿದಳು, "ನನ್ಹತ್ರ ಬಿಡೋಕೆ ಏನಿತ್ತು ಹೇಳು."

ಈಗ ಅವಳು ಅಲ್ಲಿ ಚೆನ್ನಾಗಿದ್ದಾಳೆ. ಹಿಮದ ಫೋಟೋ ಕಳಿಸುತ್ತಾಳೆ. ಫೋಟೋಗಳಲ್ಲಿ ಅವಳ ಮುಖ ಇರುವುದಿಲ್ಲ, ಬೀದಿಯ ಹೆಸರು ಕಾಣಿಸುವುದಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಯಜಮಾನರ ಬದಲು ಪಿಸ್ತಾ ತಿಂದ ಆ ಯುವಕನೇ ಗಲ್ಲಾದಲ್ಲಿ ಕೂರತೊಡಗಿದ. ಒಮ್ಮೆ ಹೊರಗಿನಿಂದ ನೋಡಿದೆ. ಒಳಗೆ ಯಜಮಾನರು ಮೂಟೆಗಳ ಮಧ್ಯೆ ಒಂದು ಸ್ಟೂಲಿನ ಮೇಲೆ, ಡಾಕ್ಟರಿಗೆ ಕಾಯುತ್ತಿರುವವರಂತೆ ಕೂತಿದ್ದರು. ನನ್ನನ್ನು ಕಂಡು ಬರಬೇಡ ಎನ್ನುವಂತೆ ಬೆರಳಾಡಿಸಿದರು. ಅದಾದ ಕೆಲವು ದಿನಕ್ಕೆ ಅವರೂ ಕಾಣದಾದರು. ಮೋಲ್ನ್‌ಡಾಲ್‌ಗೆ, ಮಗಳ ಮನೆಗೆ ಹೋದರೆಂದು ಕ್ಷೌರದಂಗಡಿಯವನು ಹೇಳಿದ. ಹೇಳುವಾಗ ಗೋಡೆಯಾಚೆ ಕೇಳಿಸೀತೆಂಬಂತೆ ದನಿ ತಗ್ಗಿಸಿದ.

ಈ ಚಳಿಗಾಲದಲ್ಲಿ ಕೆಲಸದ ಮೇಲೆ ನಾನು ಮೋಲ್ನ್‌ಡಾಲ್‌ಗೆ ಹೋಗಬೇಕಾಯಿತು. ಮೀಟಿಂಗ್ ಮುಗಿದ ಮೇಲೆ ಅವರ ಮಗಳ ಮೂಲಕ ಹೇಳಿಕಳಿಸಿ, ಟ್ರಾಮ್ ನಿಲ್ದಾಣದ ಹತ್ತಿರದ ಕೆಫೆಯಲ್ಲಿ ಅವರನ್ನು ಕಂಡೆ. ತೆಳ್ಳಗಾಗಿದ್ದರು. ಕ್ಷೌರ ಅಚ್ಚುಕಟ್ಟಾಗಿತ್ತು. ಕೂತ ಕೂಡಲೇ, "ನಾವು ಜಾಗ ಬದಲಾಯಿಸೋಣ್ವಾ?" ಎಂದು ಎದ್ದು, ಬಾಗಿಲು ಕಾಣುವ ಕುರ್ಚಿಗೆ ಬಂದರು.

ಮಗಳು ಓಡಾಡಿ ಹೇಗೋ ಇನ್ನೊಂದು ಬ್ಯಾಂಕಿನಲ್ಲಿ ಸಣ್ಣ ಖಾತೆ ತೆಗೆಸಿದ್ದಾಳೆ, ಪಿಂಚಣಿ ಬರುತ್ತದೆ, ಮೊಮ್ಮಗ ಪಾರ್ಸಿ ಕಲಿಯುತ್ತಿದ್ದಾನೆ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು.

"ಅಂಗಡಿ ಮಾರಿದ್ರಾ?" ಎಂದು ಕೇಳಿದೆ.

"ಇಲ್ಲ. ಮಾರೋದು ಬೇಡ ಅಂದ್ರು ಅವರು." ಸಕ್ಕರೆಯ ಚೂರನ್ನು ತಟ್ಟೆಯ ಅಂಚಿಗೆ ತಳ್ಳಿದರು. "ಈಗ್ಲೂ ನನ್ನ ಹೆಸರಲ್ಲೇ ಇದೆ. ಬಾಡಿಗೆ, ತೆರಿಗೆ, ಎಲ್ಲ ನನ್ನ ಹೆಸರಲ್ಲಿ. ಹಿಂದಿನ ಕೋಣೇಲಿ ಏನಿಡ್ತಾರೆ, ಯಾರು ಬರ್ತಾರೆ, ಒಂದೂ ಗೊತ್ತಿಲ್ಲ. ಯಾರಾದ್ರೂ ಕೇಳ್ಕೊಂಡು ಬಂದ್ರೆ ನನ್ನ ಹತ್ರಾನೇ ಬರ್ಬೇಕು."

"ಮಗಳಿಗೆ ಗೊತ್ತಾ?"

"ಅವಳಿಗೆ ಕೆಲಸ ಇದೆ, ಮಗು ಇದೆ" ಎಂದರು. ಅದೇ ಉತ್ತರ ಎಂದು ನಾನು ತಿಳಿದುಕೊಂಡೆ.

ತಾಯಿಯೊಬ್ಬಳು ಮಗುವಿನ ಗಾಡಿ ತಳ್ಳಿಕೊಂಡು ಒಳಗೆ ಬಂದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳುವವರೆಗೂ ಯಜಮಾನರ ಕಣ್ಣು ಅಲ್ಲೇ ಇತ್ತು. ಆಮೇಲೆ ನನ್ನ ಮಗಳ ಬಗ್ಗೆ ವಿಚಾರಿಸಿದರು, ಈಗಲಾದರೂ ಕನ್ನಡದಲ್ಲಿ ಉತ್ತರ ಕೊಡುತ್ತಾಳೆಯೇ ಎಂದು ಕೇಳಿದರು. ನಾನು ಏನೋ ಹೇಳುತ್ತಿರುವಾಗ ಮೇಜಿನ ಮೇಲಿದ್ದ ಅವರ ಫೋನ್ ಗುಂಯ್ ಎಂದಿತು. ಅವರು ಅದನ್ನು ಮಗುಚಿ ಇಟ್ಟರು. ಅದು ಮತ್ತೆ ಗುಂಯ್ ಎಂದಿತು.

"ಆ ಹುಡುಗ" ಎಂದರು. "ವಾರ ವಾರ ಮಾಡ್ತಾನೆ. ಅಂಕಲ್, ಆರೋಗ್ಯ ಹ್ಯಾಗಿದೆ, ಮೊಮ್ಮಗ ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ನಾ, ಅಂತ."

ನನ್ನ ಟ್ರಾಮ್ ಬಂತು. ಅವರು ಎದ್ದು ಕೈಕುಲುಕಿದರು, ಆದರೆ ಹೊರಗೆ ಬರಲಿಲ್ಲ. ನಾನು ಹತ್ತಿ ಕಿಟಕಿಯಿಂದ ನೋಡಿದಾಗ ಫೋನನ್ನು ಕಿವಿಗಿಟ್ಟುಕೊಂಡು, ಹೌದು ಹೌದು ಎನ್ನುವಂತೆ ತಲೆಯಾಡಿಸುತ್ತಾ ನಿಂತಿದ್ದರು.