ಗೇಟಿನ ಹತ್ತಿರ ಇರದ ಮಿಸ್

ನಮ್ಮ ಗಣಿತದ ಮಿಸ್ ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಅದರ ಗಾಜಿನ ಮೇಲೆ ಸದಾ ಸೀಮೆಸುಣ್ಣದ ಪುಡಿ. ಹೆಬ್ಬೆರಳಿನಿಂದ ಒರೆಸಿ ಹೊತ್ತು ನೋಡುವುದು, ಎರಡು ನಿಮಿಷಕ್ಕೆ ಮತ್ತೆ ಒರೆಸುವುದು. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಬೆಂಚುಗಳ ನಡುವೆ ಸುತ್ತುತ್ತಲೇ ಪಾಠ ಮಾಡುತ್ತಿದ್ದರು.

ಶಿಡ್ಲಘಟ್ಟದ ಆ ಶಾಲೆಯಲ್ಲಿ ನಮ್ಮ ಹತ್ತನೇ ತರಗತಿ ಕಂಡರೆ ಅವರಿಗೆ ಪ್ರಾಣ. ನಾವೇನು ಮಹಾ ಜಾಣರಲ್ಲ, ವಾದ ಮಾಡುವವರು. "ಇದಕ್ಕೆ ಇನ್ನೊಂದು ದಾರಿ ಇದೆ ಮಿಸ್" ಎಂದು ಮೂರು ಜನ ಒಟ್ಟಿಗೆ ಏಳುತ್ತಿದ್ದೆವು. "ತಲೆ ತಿಂತೀರಿ ಕಣ್ರಪ್ಪ" ಎನ್ನುತ್ತ ಸೀಮೆಸುಣ್ಣವನ್ನು ನಮ್ಮ ಕೈಗೇ ಕೊಡುತ್ತಿದ್ದರು. "ಪಬ್ಲಿಕ್ ಪರೀಕ್ಷೇಲಿ ಗಣಿತದ ದಿನ ಗೇಟ್ ಹತ್ರ ನಿಂತಿರ್ತೀನಿ. ಹೊರಗೆ ಬರೋ ಮುಖ ನೋಡೇ ಮಾರ್ಕ್ಸ್ ಹೇಳ್ತೀನಿ." ವರ್ಷವಿಡೀ ಇದೇ ಮಾತು.

ಮಿಸ್ ಚಿತ್ರದುರ್ಗದ ಕಡೆಯವರು, ನಮ್ಮ ರೇಷ್ಮೆ ಸೀಮೆಯ ಮಾತು ತಿಳಿಯದು. ಒಮ್ಮೆ ನಾನು ರಜಾ ಚೀಟಿಯಲ್ಲಿ "ಮನೆಯಲ್ಲಿ ನಾಲ್ಕನೇ ಜ್ವರ ಎದ್ದಿದೆ, ಬರಲಾಗುವುದಿಲ್ಲ" ಎಂದು ಬರೆದು ಕಳಿಸಿದೆ. ಸಂಜೆ ಬ್ರೆಡ್ಡು, ಮಾತ್ರೆ ಹಿಡಿದು ನಮ್ಮ ಹಳ್ಳಿಗೇ ಬಂದರು. "ನಾಲ್ಕು ಜನಕ್ಕೂ ಜ್ವರಾನಾ?"

ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. "ನಮಗಲ್ಲಮ್ಮ, ಹುಳಕ್ಕೆ."

ರೇಷ್ಮೆಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದರೆ ವಾರದಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧ, ಅಲ್ಲಿಯವರೆಗೆ ಮನೆಮಂದಿಗೆಲ್ಲ ಮೈಮುರಿಯುವ ಕೆಲಸ. ಮಿಸ್ ನಾಚಿದರು. ತಟ್ಟೆ ತುಂಬ ಹರಿದಾಡುವ ಹುಳ ಕಂಡು ಎರಡು ಹೆಜ್ಜೆ ಹಿಂದೆಯೂ ಸರಿದರು.

ಮುಂದಿನ ಬೆಳೆ ಹಣ್ಣಾದದ್ದು ಸರಿಯಾಗಿ ಗಣಿತದ ಪರೀಕ್ಷೆಯ ಬೆಳಿಗ್ಗೆ. ಊರಿನವರದೆಲ್ಲ ಒಟ್ಟಿಗೇ ಹಣ್ಣಾಗಿ ಕೂಲಿಗೆ ಜನ ಸಿಗಲಿಲ್ಲ. ಹುಳ ಆಯ್ದು, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವುದು ತಡವಾದರೆ ಬೆಳೆ ಹೋದಂತೆಯೇ. "ಪರೀಕ್ಷೆ ಇನ್ನೊಂದ್ಸಲ ಕಟ್ಟಬಹುದು. ಹುಳ ಕಾಯುತ್ತಾ?" ಅಂದರು ಅಪ್ಪ. ನಾನು ಮಿಸ್ಸಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಏಳರ ಬಸ್ಸಿಗೆ ಬಂದಿಳಿದರು. ಬಳೆ ಬಿಚ್ಚಿ ಚೀಲಕ್ಕೆ ಹಾಕಿ ನನ್ನ ಜಾಗದಲ್ಲಿ ಕೂತರು. "ಅದೇ ಬಸ್ ವಾಪಸ್ ಹೋಗುತ್ತೆ, ಹತ್ತಿ ಹೋಗು. ನಿನ್ನ ಕೆಲಸ ನಾನು ಮಾಡ್ತೀನಿ." ಮೊದಲ ಹುಳವನ್ನು ಕಣ್ಣು ಮುಚ್ಚಿಕೊಂಡೇ ಎತ್ತಿದರು.

ಪರೀಕ್ಷೆ ಮುಗಿದು ಹೊರಬಂದವರೆಲ್ಲ ಗೇಟಿನಲ್ಲಿ ಮಿಸ್ಸನ್ನೇ ಹುಡುಕಿ, ಕಾಣದೆ ಮುಖ ಸಣ್ಣದು ಮಾಡಿಕೊಂಡರು. ಕಾರಣ ಗೊತ್ತಿದ್ದೂ ನಾನು ನಾಚಿಕೆಗೆ ಬಾಯಿ ಬಿಡಲಿಲ್ಲ. ಮನೆಗೆ ಬಂದರೆ ಮಿಸ್ ಕೇಳಿದ್ದೂ ಅವರನ್ನೇ. "ನಿಂದಿರಲಿ, ಅವರೆಲ್ಲರ ಮುಖ ಹೆಂಗಿತ್ತು?" ಒಬ್ಬೊಬ್ಬರದೇ ಹೆಸರು ಹಿಡಿದು ವಿಚಾರಿಸಿದರು. "ಎಲ್ಲ ನಗ್ತಿದ್ರು ಮಿಸ್" ಎಂದು ಸುಳ್ಳು ಹೇಳಿದೆ. ಗೆಳೆಯರಿಗೆ ನಿಜ ಹೇಳುವುದು ಇವತ್ತು, ನಾಳೆ ಎನ್ನುತ್ತ ವರ್ಷಗಳು ಉರುಳಿದವು.

ಹೋದ ತಿಂಗಳು ಮಿಸ್ ತೀರಿಕೊಂಡರು. ಅಂತಿಮ ದರ್ಶನಕ್ಕೆ ತರಗತಿಯವರೆಲ್ಲ ಸೇರಿದ್ದೆವು. ಗೆಳತಿಯೊಬ್ಬಳು ಕಣ್ಣೊರೆಸಿಕೊಂಡು ಅಂದಳು, "ಅಷ್ಟು ಪ್ರೀತಿ ಮಾಡ್ತಿದ್ದವರು ಆ ದಿನ ಮಾತ್ರ ಬರ್ಲಿಲ್ಲ. ನಾನು ಒಂದ್ಸಲ ಕೇಳೇಬಿಟ್ಟೆ. 'ಬಸ್ ತಪ್ಪೋಯ್ತು ಕಣೇ' ಅಂದ್ರು."

"ಬಸ್ ತಪ್ಪಿರ್ಲಿಲ್ಲ," ಅಂದೆ. "ಅವರು ನಮ್ಮನೇಲಿದ್ರು."