ಮಾದಪ್ಪನ ಮೂಲೆಯ ಹುಳಿಹಿಟ್ಟು

ಮೈಸೂರು ಬಿಟ್ಟು ಕೊಳ್ಳೇಗಾಲಕ್ಕೆ ಬಂದ ಮೇಲೆ ನನ್ನ ಮಗಳು ತಾನಾಗಿ ಕೇಳಿ ತಿಂದದ್ದೆಂದರೆ ಪಕ್ಕದ ಮನೆಯ ಮಾದೇವಮ್ಮನವರ ಬನ್ನೊಂದೇ. ಹಿತ್ತಲಿನ ಒಲೆಯಲ್ಲಿ ಅವರೇ ಸುಟ್ಟು, ಬೆಳಗಿನ ಬಸ್ಸಿಗೆ ಹಾಕಿ ಹನೂರು, ಕೌದಳ್ಳಿಯ ಟೀ ಅಂಗಡಿಗಳಿಗೆ ಕಳಿಸುತ್ತಾರೆ.

ಅವರ ಗಂಡ ಕುಡಿದು ಕುಡಿದೇ ಹೋದರು. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಮಗ ದೇವರಾಜು ಕೂಡ ಕುಡಿತಕ್ಕೆ ಬಿದ್ದಾಗ ಮಾದೇವಮ್ಮ ಬೆಟ್ಟ ಹತ್ತಿ ಮಾದಪ್ಪನಿಗೆ ಮಾತು ಕೊಟ್ಟರು: ಇವನು ಬಿಟ್ಟರೆ ನನ್ನ ಹೊಸ್ತಿಲೊಳಗೆ ಹೆಂಡದ ಹನಿಯೂ ಬಾರದು. ದೇವರಾಜು ಬಿಟ್ಟ. ಅಂದಿನಿಂದ ಕೆಮ್ಮಿನ ಸಿರಪ್ಪನ್ನೂ ಅವರು ಮೂಸಿ ನೋಡಿಯೇ ಒಳಗೆ ಬಿಡುವುದು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

ಮೊನ್ನೆ ಹೋದಾಗ ಅವರು ಮಾದಪ್ಪನ ಪಟದ ಪಕ್ಕದಿಂದ ಸ್ಟೀಲ್ ಡಬ್ಬ ತೆಗೆಯುತ್ತಿದ್ದರು. ದಿನವೂ ಕಲಸಿದ ಹಿಟ್ಟಿನಲ್ಲಿ ಒಂದು ಮುದ್ದೆ ಎತ್ತಿಟ್ಟು ನಾಳೆಯ ಹಿಟ್ಟಿಗೆ ಬೆರೆಸುವುದು ಅವರ ಕ್ರಮ. ಮನೆಯಲ್ಲಿ ತಂಪಾಗಿರುವುದು ದೇವರ ಮೂಲೆಯೊಂದೇ. ಮುಚ್ಚಳ ಟಪ್ಪೆಂದಿತು, ಹುಳಿ ವಾಸನೆ ಮೂಗಿಗೆ ಹೊಡೆಯಿತು. ನನ್ನ ಮಗು ದಿನಾ ತಿನ್ನುವುದು ಇದನ್ನೇ ಅಲ್ಲವೇ ಎಂದುಕೊಳ್ಳುತ್ತಲೇ ಬಾಯಿ ಬಿಟ್ಟೆ.

"ಅಮ್ಮಾ, ಹಿಟ್ಟಿನಲ್ಲಿರೋ ಕಿಣ್ವ ಪಿಷ್ಟವನ್ನ ಸಕ್ಕರೆ ಮಾಡುತ್ತೆ. ಯೀಸ್ಟ್ ಅದನ್ನ ತಿನ್ನುತ್ತೆ. ಗಾಳಿ ಸಿಗದೆ ಇದ್ರೂ ಅದು ಬದುಕಬೇಕಲ್ಲ, ಗುಳ್ಳೆ ಬಿಡುತ್ತೆ, ಜೊತೆಗೆ ಆಲ್ಕೋಹಾಲ್..."

"ಅಂಗಂದ್ರೆ?"

"ಹೆಂಡದಲ್ಲಿ ಇರುತ್ತಲ್ಲ, ಅದೇ."

ಬಾಗಿಲಲ್ಲಿ ಟೀ ಕುಡಿಯುತ್ತಿದ್ದ ದೇವರಾಜು ಪಕ್ಕನೆ ನಕ್ಕ. "ಏನವ್ವಾ, ನಾನ್ ಬುಟ್ಟೆ ಅಂತ ನೀನ್ ಸುರು ಮಾಡ್ಕಂಡ್ಯಾ? ಅದೂ ಮಾದಪ್ಪನ ಪಕ್ಕದಲ್ಲೇ!"

ಮಾದೇವಮ್ಮ ನಗಲಿಲ್ಲ. ಪಟದ ಮುಂದೆ ಕೆನ್ನೆ ಬಡಿದುಕೊಂಡರು. "ಇವ್ನು ತಿರ್ಗಾ ಬಾಯಿಗಿಟ್ರೆ ಅದು ನನ್ ತಪ್ಪೇ ಕಣವ್ವಾ."

"ಮುಚ್ಚಳ ತೆಗೆದಿಟ್ಟು ಗಾಳಿ ಬುಟ್ರೆ ಅದು ಆಗಕಿಲ್ವಾ?" ಎಂದು ಆಮೇಲೆ ಆಸೆಯಿಂದ ಕೇಳಿದರು.

"ಹಿಟ್ಟಿನೊಳಕ್ಕೆ ಗಾಳಿ ಇಳಿಯಲ್ಲ. ಆದ್ರೆ ಒಲೆಯಲ್ಲಿ ಬೆಂದಾಗ ಆಲ್ಕೋಹಾಲ್ ಹಾರಿಹೋಗುತ್ತೆ."

"ಎಲ್ಲಾವಾ?"

"ಬಹುಪಾಲು."

ಎಲ್ಲಾ ಎಂದುಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು!

"ಬೆಂದಿದ್ದು ಬುಡಿ. ಈ ಡಬ್ಬ ಯಾವ ಒಲೆ ಕಂಡೈತೆ?" ಎಂದು ಅದನ್ನು ಹಿಡಿದು ಹಿತ್ತಲಿಗೆ ನಡೆದರು.

ಮಾರನೆಯ ದಿನ ಒಲೆ ಹೊತ್ತಲಿಲ್ಲ. ಬಸ್ಸು ಬನ್ನಿಲ್ಲದೆ ಹೋಯಿತು. ಮಗಳು ಅವರ ಬಾಗಿಲ ಕಡೆಗೆ ಕೈ ತೋರಿಸಿ ಅತ್ತಳು.

ಸಂಜೆ ಮಾದೇವಮ್ಮ ಡಬ್ಬ ಹಿಡಿದು ಬಂದರು. ರಾತ್ರಿಯಿಡೀ ಹಿತ್ತಲ ಗೋಡೆಯ ಮೇಲಿದ್ದ ಹಿಟ್ಟು ಉಕ್ಕಿ ಅಂಚಿನಲ್ಲಿ ಒಣಗಿತ್ತು.

"ಚೆಲ್ಲಕ್ಕೆ ಕೈ ಬರ್ನಿಲ್ಲ, ನಮ್ಮತ್ತೆ ಕೊಟ್ಟಿದ್ದು. ನೀವು ಮಾದಪ್ಪಂಗೆ ಮಾತು ಕೊಟ್ಟಿಲ್ವಲ್ಲ, ನಿಮ್ಮನೇಲಿರ್ಲಿ. ಇಸ್ಕಂಡು ಹಿತ್ಲಲ್ಲೇ ಕಲಸ್ಕತೀನಿ, ಒಸ್ತಿಲು ದಾಟ್ಸಲ್ಲ. ನಾಳಿದ್ದು ಬೆಟ್ಟಕ್ಕೋಗಿ ತಪ್ಪುಕಾಣಿಕೆ ಆಕ್ಬತ್ತೀನಿ."

"ನಂದೂ ಹಾಕಿ, ಅಮ್ಮ."

"ನೀವೇನವ್ವ ತಪ್ಪು ಮಾಡಿರೋದು? ಇರೋದ ಏಳಿದ್ರಿ."

ಈಗ ಡಬ್ಬ ನನ್ನ ಅಡುಗೆಮನೆಯಲ್ಲಿದೆ. ಬಸ್ಸಿಗೆ ಮತ್ತೆ ಬನ್ನು ಹೋಗುತ್ತಿದೆ. ಒಲೆಯಿಂದ ಬಂದ ಮೊದಲ ಬನ್ನನ್ನು ಮುರಿದು ಟೀಗೆ ಅದ್ದಿ ತಿನ್ನುವುದು ಮಾದೇವಮ್ಮನವರ ರೂಢಿಯಾಗಿತ್ತು. ಈಗ ಅದನ್ನು ಊದಿ ಆರಿಸಿ ನನ್ನ ಮಗಳ ಕೈಗಿಡುತ್ತಾರೆ; ನನ್ನ ಆ 'ಬಹುಪಾಲು' ನೆನಪಿಟ್ಟು ತಾವು ಬರೀ ಟೀ ಕುಡಿಯುತ್ತಾರೆ.