ನೆಗೆಣ್ಣಿಯ ಶನಿವಾರಗಳು

ಸೋಮವಾರ ಮುಂಜಾನೆ ಅವರು ಹಿತ್ತಲ ಬಾಗಿಲಿನಿಂದ ಒಳಗೆ ಬಂದಾಗ ಎಡಗೆನ್ನೆಯ ಮೇಲೆ ಚಾಪೆಯ ಹೆಣಿಗೆ ಅಚ್ಚೊತ್ತಿರುತ್ತಿತ್ತು. ಒಂದೊಂದು ಎಳೆಯೂ ಬೇರೆ ಬೇರೆ ಕಾಣುವಷ್ಟು ಸ್ಪಷ್ಟ. ಯಾರೂ ಕೂಗದೆ, ಯಾರೂ ಎಬ್ಬಿಸದೆ, ಒಂದೇ ಮಗ್ಗುಲಲ್ಲಿ ಹೊತ್ತೇರುವವರೆಗೆ ಮಲಗಿದವರಿಗೆ ಮಾತ್ರ ಬೀಳುವ ಗುರುತು ಅದು. ನಾನು ಒಲೆಯ ಮುಂದೆ ಎರಡನೇ ಸುತ್ತಿನ ಚಹಾ ಸೋಸುತ್ತ ಆ ಕೆನ್ನೆಯನ್ನೇ ನೋಡುತ್ತಿದ್ದೆ. ಬಂಗಾರಕ್ಕೆ, ಸೀರೆಗೆ, ಮಂದಿಯ ಮಕ್ಕಳ ಮಾರ್ಕುಗಳಿಗೆ ಹೊಟ್ಟೆ ಉರಿದುಕೊಳ್ಳುವವರನ್ನು ಕಂಡಿದ್ದೇನೆ. ನನ್ನ ಹೊಟ್ಟೆ ಉರಿದದ್ದು ಒಂದು ಚಾಪೆಯ ಗುರುತಿಗೆ.

ಅವರು ನನ್ನ ನೆಗೆಣ್ಣಿ. ನನ್ನ ಗಂಡನ ಅಣ್ಣನ ಹೆಂಡತಿ, ಮನೆಯ ಹಿರಿ ಸೊಸೆ. ನಾನು ಅಕ್ಕಾ ಎಂದು ಕರೆಯುತ್ತಿದ್ದೆ. ನಮ್ಮದು ಸಾಂಗಲಿಯ ಪೇಟೆಯಲ್ಲಿ ಅರಿಷಿಣದ ವ್ಯಾಪಾರ. ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಮನೆ. ದಿನಕ್ಕೆ ಎರಡು ಹೊತ್ತು ಹನ್ನೊಂದು ಮಂದಿಯ ಊಟ. ಅದರ ಮೇಲೆ ಅಂಗಡಿಗೆ ಬಂದ ರೈತರಿಗೆ, ದಲಾಲರಿಗೆ ಕಳಿಸುವ ಚಹಾ. ಬೆಳಿಗ್ಗೆ ಐದಕ್ಕೆ ಹೊತ್ತಿದ ಒಲೆ ರಾತ್ರಿ ಊಟ ಮುಗಿಯುವವರೆಗೆ ಆರುತ್ತಿರಲಿಲ್ಲ. ಈ ಒಲೆಯ ಮುಂದೆ ಅವರು ಇಪ್ಪತ್ತೆರಡು ವರ್ಷ ನಿಂತಿದ್ದರು, ನಾನು ಹದಿನಾಲ್ಕು.

ಒಂದು ದಿನ ಕೊರಿಯರಿನವನು ಉದ್ದನೆಯ ಚೀಲವೊಂದನ್ನು ಅವರ ಹೆಸರಿಗೆ ಕೊಟ್ಟುಹೋದ. ಬಿಚ್ಚಿದರೆ ನೀಲಿ ಬಟ್ಟೆ, ಮಡಚುವ ಕೋಲುಗಳು, ಗೂಟಗಳು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಸೊಳ್ಳಿ ಪರದೇನ?"

"ಅಲ್ರಿ ಅತ್ತಿ, ತಂಬು."

"ತಂಬು? ನಾವೇನ ಸರ್ಕಸ್ಸಿನವರ?"

ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಅಕ್ಕ ನಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಕವಲಾಪುರದ ನಮ್ಮ ಹೊಲಕ್ಕೆ ಹೋಗಿ, ಬೇವಿನ ಗಿಡದ ಕೆಳಗೆ ಈ ತಂಬು ಹಾಕಿಕೊಂಡು ಇದ್ದು, ಸೋಮವಾರ ಬರುತ್ತೇನೆ ಎಂದರು. ಕೂಗಿದರೆ ಕೇಳುವಷ್ಟು ದೂರದಲ್ಲಿ ಹೊಲ ಮಾಡುವ ಗಂಡ ಹೆಂಡತಿಯ ಮನೆ ಇತ್ತು, ಅಂಜಿಕೆಯೇನೂ ಇರಲಿಲ್ಲ. ಅಲ್ಲೇ ನಮ್ಮದೊಂದು ಕೋಣೆಯೂ ಇತ್ತು. ತಂಬು ಯಾಕೆ, ಕೋಣೆಯಲ್ಲೇ ಮಲಗಬಹುದಲ್ಲ ಎಂದು ಕೇಳಿದೆ.

"ಕ್ವಾಣ್ಯಾಗ ಮಲಗಿದ್ರ ಮತ್ತ ಕಸಾ ಹೊಡೀಬೇಕಲ್ಲವಾ," ಎಂದರು. "ತಂಬಿನ್ಯಾಗ ಮೂಲಿ ಇಲ್ಲ, ಗ್ವಾಡಿ ಮಾಡ ಇಲ್ಲ, ಒಲಿ ಇಲ್ಲ. ಮಲಗೂದ ಒಂದ ಕೆಲಸ."

ಅತ್ತೆ ಗೊಣಗಿದರು. ಆದರೆ ಭಾವ, ಯಾವತ್ತೂ ತಾಯಿಗೆ ಎದುರು ಮಾತಾಡದವರು, "ಇಷ್ಟ ವರ್ಷದಾಗ ಅಕಿ ಒಂದ ಕೇಳ್ಯಾಳ. ಹೋಗಲಿ ಬಿಡವ್ವಾ," ಎಂದುಬಿಟ್ಟರು. ತಾವೇ ಸ್ಕೂಟರಿನಲ್ಲಿ ಬಿಟ್ಟು ಬರತೊಡಗಿದರು.

ಅಕ್ಕನ ತಂದೆ ಮಾಧವನಗರದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. ವಾರಕ್ಕೊಮ್ಮೆ ಗಿರಣಿ ನಿಂತ ದಿನ ಊರಿಗೆ ಊರೇ ಹಗುರವಾಗುತ್ತಿತ್ತಂತೆ, ಬೇರೆ ದಿನ ಕೇಳದ ಗುಬ್ಬಿಗಳ ಸದ್ದು ಅವತ್ತು ಕೇಳುತ್ತಿತ್ತಂತೆ. "ಗಿರಣಿ ಸೈತ ವಾರಕ್ಕೊಮ್ಮೆ ನಿಂದರತೈತಿ. ನಾವೇನ ಅದಕ್ಕಿಂತ ಗಟ್ಟಿ ಅದೇವೇನು?" ಇದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು. ಹಿಟ್ಟು ನಾದುವಾಗ, ತೊಗರಿ ಹಸನು ಮಾಡುವಾಗ, ಪಕ್ಕದ ಮನೆಯ ಮಾವಶಿಗೆ, ಗ್ಯಾಸ್ ತರುವವನಿಗೂ.

ಮಾತು ಸರಿಯೇ. ಆದರೆ ಅವರು ನಿಂತಾಗ ಗಿರಣಿ ನಿಲ್ಲುತ್ತಿರಲಿಲ್ಲ, ಅವರ ಪಾಲಿನದನ್ನೂ ನಾನು ತಿರುಗಿಸುತ್ತಿದ್ದೆ. ಭಾನುವಾರ ಇಡೀ ಮನೆಯ ರೊಟ್ಟಿ ನನ್ನೊಬ್ಬಳ ಕೈಯಲ್ಲಿ. ಒಂದು ಕಡೆ ರೊಟ್ಟಿ ಬಡಿಯುತ್ತ ಇನ್ನೊಂದು ಕಡೆ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ: ಈಗ ಎದ್ದಿರಬೇಕು, ಈಗ ಗಜ್ಜರಿ ಹೊಲದ ಬದುವಿನ ಮೇಲೆ ಕಾಲು ಚಾಚಿ ಕೂತಿರಬೇಕು, ಈಗ ಮತ್ತೆ ಮಲಗಿರಬೇಕು. ಸೋಮವಾರ ಬಂದವರು ನಾಲ್ಕು ದಿನ ಯಾರ ಮೇಲೂ ಸಿಡುಕುತ್ತಿರಲಿಲ್ಲ. ಮಕ್ಕಳು ದೊಡ್ಡಮ್ಮನ ಸುತ್ತಲೇ ಇರುತ್ತಿದ್ದರು, ನನ್ನ ಸ್ವಂತ ಮಗಳೂ. "ದೊಡ್ಡವ್ವ ಬೈಯಂಗಿಲ್ಲ," ಎಂದಳು ಒಮ್ಮೆ. ಆ ಮಾತು ನನ್ನೊಳಗೆ ಮುಳ್ಳಿನಂತೆ ಕೂತಿತು.

ಮುಂದಿನ ಸಂಕ್ರಾಂತಿಗೆ ಮನೆಯಲ್ಲಿ ಹಳದಿ ಕುಂಕುಮ ಇಟ್ಟುಕೊಂಡಿದ್ದೆವು. ಗಲ್ಲಿಯ ಹೆಂಗಸರೆಲ್ಲ ಬಂದಿದ್ದರು. ಅಂದು ಶನಿವಾರ; ಬೆಳಿಗ್ಗೆಯಿಂದ ಎಳ್ಳುಂಡಿ ಕಟ್ಟಿ, ಎಲ್ಲ ಸಿದ್ಧತೆ ಮುಗಿಸಿಕೊಟ್ಟು ಅಕ್ಕ ಹೊಲಕ್ಕೆ ಹೋಗಿದ್ದರು. ಒಬ್ಬಾಕೆ ಕೇಳಿದಳು, "ದೊಡ್ಡ ವೈನಿ ಕಾಣವಲ್ರು?"

ನಾನು ಕುಂಕುಮದ ಬಟ್ಟಲು ಹಿಡಿದುಕೊಂಡೇ ಹೇಳಿದೆ: "ಹೊಲದಾಗ ತಂಬಿನ್ಯಾಗ ಅದಾರ. ಒಬ್ಬರ ಇರ್ತೀನಿ ಅಂತಾರ. ನೋಡಿದವರ ಯಾರು?"

ಹೇಳಿ ನಕ್ಕೆ. ಅವರೂ ನಕ್ಕರು. ಅಷ್ಟೇ.

ಎಂಟು ದಿನದಲ್ಲಿ ಆ ಮಾತು ಗಲ್ಲಿ ಸುತ್ತಿ, ಪೇಟೆ ದಾಟಿ, ಅಂಗಡಿಯಲ್ಲಿ ಕೂತಿದ್ದ ಭಾವನ ಕಿವಿಗೆ ಬಿತ್ತು. ಅವರಿಗೆ ಹೆಂಡತಿಯ ಮೇಲೆ ಸಂಶಯವಿರಲಿಲ್ಲ. ಮಂದಿಯ ಬಾಯಿಗೆ ಅಂಜಿದರು. "ಒಂದಷ್ಟ ದಿನಾ ಬ್ಯಾಡ," ಎಂದರು. ಅಕ್ಕ ಯಾಕೆ ಎಂದು ಕೇಳಲಿಲ್ಲ. ತಂಬನ್ನು ಮಡಚಿ ಅಟ್ಟದ ಮೇಲೆ ಇಟ್ಟರು. ಇಡುವಾಗ ಸ್ಟೂಲು ಹಿಡಿದುಕೊಂಡವಳು ನಾನೇ.

ನನಗೆ ಬೇಕಾದದ್ದು ಆಗಿತ್ತು. ಇನ್ನು ಭಾನುವಾರದ ರೊಟ್ಟಿಗೆ ನಾಲ್ಕು ಕೈ. ಆದರೆ ಅಕ್ಕ ದಿನದಿಂದ ದಿನಕ್ಕೆ ಬೇರೆಯೇ ಆದರು. ರೊಟ್ಟಿ ಸೀಯತೊಡಗಿತು. ಪಲ್ಯಕ್ಕೆ ಎರಡು ಸಲ ಉಪ್ಪು ಬೀಳತೊಡಗಿತು. ನನ್ನ ಮಗಳ ಕೈಯಿಂದ ಬಟ್ಟಲು ಜಾರಿದ್ದಕ್ಕೆ ಅವಳ ಬೆನ್ನಿಗೆ ಒಂದು ಏಟು ಹಾಕಿದರು. ಹಾಕಿದ ಮೇಲೆ ತಮ್ಮ ಕೈಯನ್ನೇ ನೋಡುತ್ತ ನಿಂತರು. ಬೇಸಿಗೆಯ ಒಂದು ಮಧ್ಯಾಹ್ನ ಹಿತ್ತಲಿಗೆ ಹೋದೆ. ನಳದ ಕೆಳಗೆ ಕೊಡ ತುಂಬಿ, ಹರಿದು, ನೀರು ಅವರ ಸೀರೆಯ ಅಂಚು ತೋಯಿಸಿ ಮೋರಿಗೆ ಹೋಗುತ್ತಿತ್ತು. ಅವರು ಕೊಡದ ಮುಂದೆಯೇ ನಿಂತಿದ್ದರು, ಕಣ್ಣು ತೆರೆದೇ ಇತ್ತು.

"ಅಕ್ಕಾ, ನೀರ!"

ನಾನು ನಳ ತಿರುಗಿಸಿದೆ. ಅವರು ನನ್ನ ಕಡೆ ತಿರುಗಿ, "ನಾ ಯಾಕ ಬಂದಿದ್ನೆ ಇಲ್ಲಿ?" ಎಂದು ಕೇಳಿದರು.

ಅಂದು ಊಟಕ್ಕೆ ಎಲ್ಲರೂ ಕೂತಾಗ ಬಡಿಸುವ ಸೌಟು ಕೆಳಗಿಟ್ಟು ಹೇಳಿಬಿಟ್ಟೆ. "ಭಾವಾರ, ಸಂಕ್ರಾಂತ್ಯಾಗ ಆ ಮಾತ ಆಡಿದಾಕಿ ನಾನ. ನನಗ ಹೊಟ್ಟಿಕಿಚ್ಚ. ಅಕ್ಕಾಂದ ಏನೂ ತಪ್ಪಿಲ್ಲ. ಅವರನ್ನ ಕಳಸ್ರಿ."

ಭಾವ ತಾಟಿನಲ್ಲೇ ಕೈ ತೊಳೆದು ಎದ್ದುಹೋದರು. ನನ್ನ ಗಂಡ ಒಂಬತ್ತು ದಿನ ಮಾತು ಬಿಟ್ಟರು. ಅತ್ತೆ ನನ್ನನ್ನು ಏನೂ ಅನ್ನಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. ಭಾವ ಮತ್ತೆ ತಡೆಯಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಅಕ್ಕ ಅಟ್ಟದಿಂದ ತಂಬು ಇಳಿಸಿ, ನನ್ನ ಕೋಣೆಯ ಬಾಗಿಲಿಗೆ ಬಂದು, "ಇನ್ನೊಂದ ಚಾಪಿ ತಗೋ," ಎಂದರು. "ಇಬ್ಬರೂ ಹೋಗೂಣು. ಮನಿ ಅತ್ತಿ ನೋಡ್ಕೋತಾರಂತ."

ಹೊಲದಲ್ಲಿ ಅವರು ಕಲ್ಲಿನಿಂದ ಗೂಟ ಬಡಿದು, ಕೋಲು ಸಿಕ್ಕಿಸಿ, ಒಬ್ಬರೇ ತಂಬು ನಿಲ್ಲಿಸಿದರು. ನಾನು ಸಹಾಯಕ್ಕೆ ಹೋದರೆ ಬೇಡವೆಂದರು. ಆಮೇಲೆ ತಂಬಿನ ಬಾಯಲ್ಲಿ ಕೂತೆವು. ಸಂಜೆಯ ಬಿಸಿಲು ಉತ್ತ ಮಣ್ಣಿನ ಮೇಲೆ ಇಳಿಯುತ್ತಿತ್ತು. ನನ್ನ ಕೈಗೆ ಕೆಲಸವಿಲ್ಲದೆ ಸೆರಗಿನ ಎಳೆ ಕೀಳುತ್ತಿದ್ದೆ.

"ಆ ಮಾತ ನಿಂದ ಅಂತ ನನಗ ಅವತ್ತ ಗೊತ್ತಾಗಿತ್ತ," ಎಂದರು.

"ಮತ್ತ ಯಾಕ ಸುಮ್ಮನಿದ್ರಿ ಅಕ್ಕಾ?"

"ಸಿಟ್ಟ ಬಂದಿತ್ತು, ಭಾಳ. ಆದ್ರ ಖರೇ ಹೇಳಲೇನು? ಮಂದಿ ಹೊಟ್ಟಿಕಿಚ್ಚ ಪಡುವಂಥಾದ ನನ್ನ ಹಂತೇಕ ಏನರೆ ಐತಿ ಅಂತ ಆತಲ್ಲ. ಒಳಗ ಚೂರ ಖುಷೀನೂ ಆಗಿತ್ತ."

ಇಷ್ಟು ಹೇಳಿ, ಮಗ್ಗುಲಾಗಿ, ನೋಡನೋಡುತ್ತ ನಿದ್ದೆ ಹೋದರು. ನನಗೆ ಎಷ್ಟು ಹೊತ್ತಾದರೂ ನಿದ್ದೆ ಬರಲಿಲ್ಲ. ಗೇಣು ದೂರದಲ್ಲಿ ಮಲಗಿ ಅವರ ಉಸಿರು ಎಣಿಸುತ್ತ, ಕ್ಷಮೆ ಸಿಕ್ಕ ರಾತ್ರಿಯೂ ನಾನು ಉರಿಯುತ್ತಲೇ ಇದ್ದೆ.

ಎಚ್ಚರವಾದಾಗ ತಂಬಿನ ಬಟ್ಟೆಯೆಲ್ಲ ಬೆಳಗುತ್ತಿತ್ತು. ಎಂಟು ಹೊಡೆದಿತ್ತು. ಗಾಬರಿಯಿಂದ ಎದ್ದು, "ಅಕ್ಕಾ, ಚಾ?" ಎಂದೆ.

"ನಾ ಮಾಡಂಗಿಲ್ಲ. ನೀನೂ ಮಾಡಬ್ಯಾಡ. ಇಲ್ಲಿ ಯಾರೂ ಯಾರಿಗೂ ಚಾ ಮಾಡಂಗಿಲ್ಲ."

ಹೊಲದ ಹೆಂಗಸು ಕೊಟ್ಟ ಬುತ್ತಿ ಬಿಚ್ಚಿ ತಿಂದೆವು. ಇಡೀ ದಿನ ನಾವು ಆಡಿದ ಮಾತು ಇಪ್ಪತ್ತೂ ಇರಲಿಕ್ಕಿಲ್ಲ. ಸೋಮವಾರ ಸ್ಕೂಟರಿನ ಸದ್ದು ಕೇಳಿದಾಗ ಅವರು ಗೂಟ ಕೀಳುತ್ತ ಹೇಳಿದರು: "ಇನ್ನ ಮ್ಯಾಲ ತಿಂಗಳಿಗೆ ಒಂದ ಪಾಳಿ ನಂದು, ಒಂದ ನಿಂದು. ನೀ ಬಂದಾಗ ನಾ ಮನ್ಯಾಗ ಇರ್ತೀನಿ. ಇಬ್ಬರೂ ಕೂಡಿ ಬಂದ್ರ ಮಾತಾಡಬೇಕಾಗತೈತಿ."

ತಿಂಗಳಿಗೆ ಎರಡೇ ಶನಿವಾರ ಇದ್ದವರು ಅದರಲ್ಲಿ ಅರ್ಧ ನನಗೆ ಕೊಟ್ಟರು. ನಾನು ಬೇಡ ಅನ್ನಲಿಲ್ಲ, ಒಂದು ಸಲ ಬಾಯಿಮಾತಿಗೂ ಅನ್ನಲಿಲ್ಲ. ಏಳು ವರ್ಷ ನನ್ನ ಪಾಳಿ ತಪ್ಪಿಸಲಿಲ್ಲ. ತಂಬಿನಲ್ಲಿ ಬಿದ್ದುಕೊಂಡು ಮೇಲಿನ ಬಟ್ಟೆ ನೋಡುತ್ತಿದ್ದೆ. ಒಮ್ಮೊಮ್ಮೆ ಹಗಲು ಜೋಂಪು ಹತ್ತುತ್ತಿತ್ತು. ಮನೆಗೆ ಬಂದಾಗ ನನ್ನ ದನಿ ತಗ್ಗಿರುತ್ತಿತ್ತು, ಮಗಳೇ ಹೇಳಿದಳು. ಆದರೂ ಅವರ ಹಾಗೆ ಮಲಗಲು ನನಗೆ ಬರಲಿಲ್ಲ.

ಹೋದ ವರ್ಷ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಮಿರಜಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು. ಹಗಲು ನಾನು ಜೊತೆಗಿರುತ್ತಿದ್ದೆ. ಒಂದು ಶನಿವಾರ ಮಧ್ಯಾಹ್ನ ಕಣ್ಣು ತೆರೆದು ಕೇಳಿದರು, "ಇವತ್ತ ನಿನ್ನ ಪಾಳಿ ಅಲ್ಲೇನು?"

"ಸುಮ್ನಿರ್ರಿ ಅಕ್ಕಾ. ಇಂಥಾದ್ರಾಗ ಎಲ್ಲಿ ಪಾಳಿ?"

"ನೀ ಇಲ್ಲಿ ಕುಂತ್ರ ನನ್ನ ಎದಿ ನೆಟ್ಟಗಾಗತೈತೇನು? ಹೋಗ. ನನ್ನ ಪಾಲಿಂದೂ ಮಲಗಿ ಬಾ."

ಭಾವನೂ ಹೋಗು ಎಂದರು. ಹೋದೆ. ಸಿಟ್ಟಿನಿಂದಲೇ ಗೂಟ ಬಡಿದು ಮಲಗಿದೆ. ಮೂರು ವಾರದ ದಣಿವೋ, ಏನೋ, ಅಂಥ ನಿದ್ದೆ ನಾನು ಮದುವೆಯಾದ ಮೇಲೆ ಮಲಗಿರಲಿಲ್ಲ. ಬಿಸಿಲು ಮೈ ಸುಡುವವರೆಗೆ ಎಚ್ಚರವಾಗಲಿಲ್ಲ. ಎಚ್ಚರವಾದಾಗ ಭಾವ ತಂಬಿನ ಹೊರಗೆ ನೆಲದ ಮೇಲೆ ಕೂತಿದ್ದರು. ನನ್ನನ್ನು ಎಬ್ಬಿಸಿರಲಿಲ್ಲ.

"ನಸಕಿನ್ಯಾಗ ಹೋದ್ಲವಾ," ಎಂದರು. "ನಿದ್ದ್ಯಾಗನ. ಸಿಸ್ಟರ್ ನೋಡಿದಾಗ ಬರೇ ಮಲಗಿದಂಗ ಇತ್ತಂತ."

ನೆಗೆಣ್ಣಿ ಸಾಯುವಾಗ ಇವಳು ಹೊಲದಲ್ಲಿ ಬಿದ್ದುಕೊಂಡಿದ್ದಳು ಎಂದು ಪೇಟೆ ಇನ್ನೂ ಆಡಿಕೊಳ್ಳುತ್ತದೆ. ನಿದ್ದೆಯಲ್ಲೇ ಬಂದ ಅಂಥ ಸಾವಿಗೂ, ಭಾವ ಹೇಳಿದ ಆ ಗಳಿಗೆಯಲ್ಲಿ, ನನ್ನ ಹೊಟ್ಟೆ ಒಂದು ಸಲ ಚುರುಕ್ ಎಂದಿತು. ಸುಳ್ಳು ಯಾಕೆ ಹೇಳಲಿ.

ದಿನಕರ್ಮಗಳೆಲ್ಲ ಮುಗಿದು ಬಂದ ಮಂದಿ ಹೋದ ಮೇಲೆ ಅತ್ತೆ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು. ಎಪ್ಪತ್ತೆಂಟು ವರ್ಷ ಅವರಿಗೆ, ಒಂದು ಕಣ್ಣು ಮಸುಕು.

"ಶನಿವಾರ ಹೊಂಟಾಗ ನನಗ ಹೇಳ. ನಾನೂ ಬರ್ತೀನಿ."

"ನೀವಾ? ನೆಲದ ಮ್ಯಾಲ ಮಲಗಬೇಕಾಗತೈತ್ರಿ ಅತ್ತಿ."

"ಮಲಗ್ತೀನಿ ಬಿಡ." ನನ್ನ ಕಡೆ ಬಾಗಿ ದನಿ ತಗ್ಗಿಸಿದರು. "ಅಕಿ ಹೊಲಕ್ಕ ಹೋಗೂದ ನೋಡಿ ನಿನಗೊಬ್ಬಾಕಿಗೆ ಹೊಟ್ಟಿ ಉರೀತಿತ್ತಂತ ತಿಳಿದೀ ಏನ?"